ಹನ್ನೊಂದು ವರ್ಷದ ಹಿಂದಿನ ಒಂದು ಫೈಲು

1/3

ಮೊದಲ್ನೇ ಫೋಟೋದಾಗ ಇರೋದು ಇಟ್ಟಂಗಿ ಅಲ್ಲ ದೋಸ್ತರೇ, ಹಾರ್ಡ್ ಡಿಸ್ಕ್. ಅಪ್ಪಂದು. ಮ್ಯಾಲ ಸ್ಕೆಚ್ ಪೆನ್ನಿನಿಂದ "ಟ್ಯಾಲಿ, ಮಾರ್ಚ್ 2014" ಅಂತ ಬರೆದದ.

ಶಹಾಬಾದದಾಗ ನಮ್ದು ಪರ್ಸಿ ಪಾಲಿಶ್ ಮಾಡೋ ಸಣ್ಣ ಮಷಿನ್ ಇತ್ತು. ಎಲ್ಲರ ಮನ್ಯಾಗೂ ಟೈಲ್ಸ್ ಬಂದ ಮ್ಯಾಲ ಗಿರಾಕಿ ಕಮ್ಮಿ ಆಗಿ, 2014ರ ಬ್ಯಾಸಿಗಿಯಲ್ಲಿ ಅಪ್ಪ ಅದನ್ನ ಮುಚ್ಚಿದ್ರು. ನಾನಾಗ ಮೂರನೇ ಕ್ಲಾಸು. ನೆನಪಿರೋದು ಬರೀ ಕಲ್ಲಿನ ಧೂಳು.

ಹೋದ ತಿಂಗಳು ಚಿಂಚೋಳಿ ಕಡಿಯಿಂದ ಒಬ್ಬ ಕಾಕಾ ಮನಿಗಿ ಬಂದಿದ್ರು. ಆಗ ನಮ್ಮ ಕಲ್ಲು ಸಾಗಿಸ್ತಿದ್ದ ಲಾರಿ ಅವರ್ದೇ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಭಾಳ ಸಂಕೋಚದಿಂದ ಕೇಳಿದ್ರು: "ಅಣ್ಣಾ, ಆ ಹಳೇ ಬಾಡಗಿ ಒಂದಿಷ್ಟು ಉಳಿದಿತ್ತು. ಮಗಳ ಲಗ್ನ ಅದ."

ಅಪ್ಪ, "ಎಲ್ಲಾ ಮುಟ್ಟಿಸೀನಲ್ಲಪ್ಪ, ಲೆಕ್ಕದಾಗ ಅದ" ಅಂದ್ರು.

ಜಗಳ ಇಲ್ಲ, ಏರುದನಿ ಇಲ್ಲ. ಇಬ್ಬರೂ ಖರೇನೇ ಹೇಳ್ಲತ್ತಾರ ಅನ್ನಿಸ್ತು. ಅದೇ ಕಷ್ಟ. ಖಾತೆ ಪುಸ್ತಕ ಒರಲಿ ತಿಂದು ಹೋಗ್ಯಾವ. ಉಳಿದಿದ್ದು ಇದೊಂದೇ ಡಿಸ್ಕು. ಅಪ್ಪ ನನ್ನ ಕಡಿ ನೋಡಿ, "ಬಿಕಾಂ ಓದ್ಲತ್ತಿದಿ, ತಗದು ನೋಡು" ಅಂದ್ರು.

ಹತ್ತು ನಿಮಿಷದ ಕೆಲಸ ಅಂದ್ಕೊಂಡೆ. ಐದು ದಿನ ಹಿಡೀತು.

2/3

ಡಿಸ್ಕಿನೊಳಗ ಇದ್ದಿದ್ದು ಒಂದೇ ಫೈಲು. 4.6 ಜಿಬಿ. ಹೆಸರಿನ ಕೊನೀಗೆ ಬಿಕೆಎಫ್. ನನ್ನ ಲ್ಯಾಪ್‌ಟಾಪಿನ ವಿಂಡೋಸ್ 11ಕ್ಕೆ ಅದು ಯಾರ್ದೋ ಅಪರಿಚಿತರ ಸಾಮಾನು ಇದ್ದಂಗ, ಗುರುತೇ ಇಲ್ಲ.

ವಿಷಯ ಏನಂದ್ರ, ಆಗ ಲೆಕ್ಕ ಬರೀತಿದ್ದ ಮುನೀಮರು ವಿಂಡೋಸ್ ಎಕ್ಸ್‌ಪಿ ಜೊತಿಗೇ ಬರ್ತಿದ್ದ ಎನ್‌ಟಿ ಬ್ಯಾಕಪ್ ಅನ್ನೋ ಪ್ರೋಗ್ರಾಂನಿಂದ ಬ್ಯಾಕಪ್ ತಗೀತಿದ್ರು. ಅದು ಎಲ್ಲಾ ಫೋಲ್ಡರನ್ನೂ ತೊಗರಿ ಚೀಲದ ಬಾಯಿ ಹೊಲಿದಂಗ ಒಂದೇ ಫೈಲಿನಾಗ ತುಂಬಿ ಹೊಲೀತದ. ಬಿಚ್ಚೋಕೂ ಅದೇ ಪ್ರೋಗ್ರಾಂ ಬೇಕು. ಆದ್ರ ಎಕ್ಸ್‌ಪಿ ಆದ ಮ್ಯಾಲ ಬಂದ ವಿಸ್ತಾದಾಗ ಮೈಕ್ರೋಸಾಫ್ಟ್ ಅದನ್ನ ತಗದೇ ಹಾಕ್ತು. ಹಳೇ ಫೈಲ್ ಬಿಚ್ಚೋ ಸಲುವಾಗಿ ವಿಸ್ತಾ ಮತ್ತು ವಿಂಡೋಸ್ 7ಕ್ಕೆ ಒಂದು ಸಣ್ಣ ಟೂಲ್ ಕೊಟ್ಟಿತ್ತು, ಅಷ್ಟೇ. ಎಕ್ಸ್‌ಪಿಯ ಸಪೋರ್ಟ್ ಮುಗಿದಿದ್ದು 2014ರ ಏಪ್ರಿಲ್ 8ಕ್ಕೆ. ನಮ್ಮ ಮಷಿನ್ ಬಂದಾಗಿದ್ದೂ ಅದೇ ಬ್ಯಾಸಿಗಿ, ನೋಡ್ರಿ.

ಮೊದಲ ದಿನ ನಾನು ಮಾಡಿದ್ದು ಶುದ್ಧ ದಡ್ಡತನ. "ಫ್ರೀ" ಅಂತ ಕಂಡ ಒಂದು ಟೂಲ್ ಡೌನ್‌ಲೋಡ್ ಮಾಡಿದೆ. ಅದರ ಬೆನ್ನಿಗೆ ಕೇಳದೇ ಇರೋ ಮೂರು ಪ್ರೋಗ್ರಾಂ ಬಂದು ಕೂತವು. ಫೈಲಿನ ಹೆಸರು ತೋರಿಸ್ತು, ಒಳಗಿಂದು ತೋರಿಸ್ಲಿಕ್ಕೆ ರೊಕ್ಕ ಕೇಳ್ತು. ಅವನ್ನೆಲ್ಲ ತಗದು ಹಾಕೋದ್ರಾಗ ಒಂದು ರಾತ್ರಿ ಹೋಯ್ತು.

ವಾಡಿಯಾಗ ನಮ್ಮ ದೋಸ್ತಂದು ಜೆರಾಕ್ಸ್ ಅಂಗಡಿ ಅದ. ಅಲ್ಲಿ ಇನ್ನೂ ಒಂದು ಎಕ್ಸ್‌ಪಿ ಸಿಪಿಯು ಓಡ್ತದ. ಲಗ್ನಪತ್ರಿಕಿಗೆ ನುಡಿ ಟೈಪ್ ಮಾಡ್ಲಿಕ್ಕೆ ಮಾತ್ರ, ಇಂಟರ್ನೆಟ್ ಹಚ್ಚಂಗಿಲ್ಲ. ಇದ್ದದ್ದೇ ಒಂದು ಕಾಪಿ, ಊರ ಮಂದಿಯ ಪೆನ್ ಡ್ರೈವ್ ಎಲ್ಲಾ ಸಿಗಿಸೋ ಸಿಪಿಯುಗೆ ಅಪ್ಪನ ಡಿಸ್ಕ್ ಹಚ್ಚೋ ಧೈರ್ಯ ಆಗ್ಲಿಲ್ಲ. ಪೆನ್ ಡ್ರೈವಿಗೆ ಕಾಪಿ ಮಾಡೋಣ ಅಂದ್ರ, 16 ಜಿಬಿ ಖಾಲಿ ಇದ್ರೂ "ಫೈಲ್ ಭಾಳ ದೊಡ್ಡದು" ಅಂತದ. ಫ್ಯಾಟ್32 ಫಾರ್ಮ್ಯಾಟಿನಾಗ ಒಂದೊಂದು ಫೈಲು 4 ಜಿಬಿ ದಾಟಂಗಿಲ್ಲ. ಇದು ನನಗ ಅವತ್ತೇ ಗೊತ್ತಾಗಿದ್ದು.

ಆಮ್ಯಾಲ ದೋಸ್ತನೇ ಉಲ್ಟಾ ವಿಚಾರ ಮಾಡ್ದ: ಫೈಲು ಅಲ್ಲಿಗೆ ಹೋಗಲ್ಲಂದ್ರ ಪ್ರೋಗ್ರಾಂ ಇಲ್ಲಿಗೆ ಬರ್ಲಿ. ಎಕ್ಸ್‌ಪಿಯ ಸಿಸ್ಟಮ್32 ಫೋಲ್ಡರಿನಿಂದ ಮೂರೇ ಮೂರು ಫೈಲು ಬೇಕು: ಎನ್‌ಟಿಬ್ಯಾಕಪ್, ಎನ್‌ಟಿಎಂಎಸ್‌ಎಪಿಐ, ವಿಎಸ್‌ಎಸ್‌ಎಪಿಐ. ಮೊದಲ್ನೇದು ಪ್ರೋಗ್ರಾಂ, ಉಳಿದೆರಡು ಡಿಎಲ್‌ಎಲ್. ಮೂರನ್ನೂ ಲ್ಯಾಪ್‌ಟಾಪಿನಾಗ ಒಂದು ಹೊಸ ಫೋಲ್ಡರಿಗೆ ಹಾಕಿ ಕ್ಲಿಕ್ ಮಾಡ್ದೆ. ರಿಮೂವಬಲ್ ಸ್ಟೋರೇಜ್ ಚಾಲೂ ಇಲ್ಲ ಅಂತ ಗೊಣಗ್ತು. ಅದು ಟೇಪಿಗೆ ಬೇಕಾಗೋದು, ನಮಗ ಬ್ಯಾಡ. ಓಕೆ ಒತ್ತಿದೆ. ಹೊಸ ಸ್ಕ್ರೀನ್ ಮ್ಯಾಲ ಆ ಬೂದಿ ಬಣ್ಣದ ಹಳೇ ಕಿಟಕಿ ತೆರೀತು. ಎರಡನೇ ಫೋಟೋ ಅದೇ.

ಯಾರಾದ್ರೂ ಟ್ರೈ ಮಾಡೋರಿದ್ರ: ರಿಸ್ಟೋರ್ ಮಾಡುವಾಗ "ಮೊದಲಿನ ಜಾಗ" ಆರಿಸ್ಬ್ಯಾಡ್ರಿ, ಬ್ಯಾರೆ ಫೋಲ್ಡರ್ ತೋರಿಸ್ರಿ. ಮತ್ತ ಇದರಿಂದ ಹಳೇದು ಬಿಚ್ಚಿಕೊಳ್ರಿ ಅಷ್ಟೇ, ಹೊಸ ಕಂಪ್ಯೂಟರಿನ ಬ್ಯಾಕಪ್ ತಗೀಬ್ಯಾಡ್ರಿ. ಹೊಸ ವಿಂಡೋಸಿನ ಒಳಗಿನ ವ್ಯವಸ್ಥೆ ಇದಕ್ಕ ತಿಳಿಯಂಗಿಲ್ಲ.

3/3

ಬಿಚ್ಚಿದ ಮ್ಯಾಲ ಸಿಕ್ಕಿದ್ದು ಟ್ಯಾಲಿ ಇಆರ್‌ಪಿ 9ರ ಡೇಟಾ. ಈಗ ಎಲ್ಲಾ ಕಡಿ ಟ್ಯಾಲಿ ಪ್ರೈಮ್. ಸೇಡಂದಾಗ ನಾನು ಕೆಲಸ ಕಲೀಲಿಕ್ಕೆ ಹೋಗೋ ಟ್ಯಾಕ್ಸ್ ಆಫೀಸಿನ ಸರ್ ಮೊದಲ್ನೇ ಮಾತೇ, "ಕಾಪಿ ಮಾಡಿದ್ಯಾ? ಒಮ್ಮಿ ಹೊಸ ವರ್ಷನ್ನಿಗೆ ಹತ್ತಿಸಿದ್ರ ಹಳೇದ್ರಾಗ ತೆರಿಯಂಗಿಲ್ಲ" ಅಂದ್ರು. ಕಾಪಿ ಮಾಡೇ ಹತ್ತಿಸಿದ್ವಿ.

ಲಾರಿ ಬಾಡಗಿ ಲೆಡ್ಜರ್. ಕಾಕಾನ ಹೆಸರು. ಕ್ರೆಡಿಟ್ ಬ್ಯಾಲೆನ್ಸ್ 38,500.

ಕ್ರೆಡಿಟ್ ಅಂದ್ರ ನಾವು ಕೊಡಬೇಕು. ಫಸ್ಟ್ ಸೆಮ್‌ನಿಂದ ಬಾಯಿಪಾಠ ಮಾಡಿದ್ದು. ಆದ್ರ ಸ್ವಂತ ಮನೀದು ನೋಡುವಾಗ ಎಡಗಡಿ ಯಾವುದು, ಬಲಗಡಿ ಯಾವುದು ಅಂತ ಎರಡೆರಡು ಸಲ ನೋಡ್ದೆ.

ಅಪ್ಪಗ ಪ್ರಿಂಟ್ ತೋರಿಸ್ದೆ. "ಇದು ಮಾರ್ಚಿಂದು. ಮಷಿನ್ ಮುಚ್ಚಿದ್ದು ಮೇ. ನಡುವ ಕೈಯಾಗ ಕೊಟ್ಟೀನಿ" ಅಂದ್ರು. ಅದೂ ಇರಬಹುದು. ಬ್ಯಾಕಪ್ ಮಾರ್ಚ್ 22ಕ್ಕೇ ನಿಂತದ. ಆ ಎರಡು ತಿಂಗಳ ಲೆಕ್ಕ ಯಾವ ಪ್ರೋಗ್ರಾಂನಾಗೂ ಸಿಗಂಗಿಲ್ಲ.

ಒಳಗಿಂದ ಅವ್ವ ಹೇಳಿದ್ರು: "ಮಷಿನ್ ಮಾರಿದ ರೊಕ್ಕ ಪೂರಾ ಬ್ಯಾಂಕಿಗಿ ಹೋಯ್ತು. ನನ್ನ ಬಳಿ ಒತ್ತಿ ಇಟ್ಟು ಕೂಲಿಯವರಿಗಿ ಕೊಟ್ವಿ. ಅವರಿಗಿ ಯಾವಾಗ ಕೊಟ್ರಿ?"

ಅಪ್ಪ ಅವತ್ತು ಏನೂ ಮಾತಾಡ್ಲಿಲ್ಲ. ಮರುದಿನ ಮುಂಜಾನಿ ತಾವೇ ಫೋನ್ ಹಚ್ಚಿದ್ರು. ಐತವಾರ ಕಾಕಾ ಬಂದ್ರು. ಅಪ್ಪ ಇಪ್ಪತ್ತು ಸಾವಿರ ಕೈಯಾಗ ಇಟ್ಟು, ಉಳಿದಿದ್ದು ತೊಗರಿ ಮಾರಿದ ಮ್ಯಾಲ ಅಂದ್ರು. ನಾನು ಲೆಡ್ಜರ್ ಪ್ರಿಂಟ್ ಕೊಟ್ಟೆ. ಕಾಕಾ ಅದನ್ನ ಕಣ್ಣಿನ ಹತ್ರ ಹಿಡಿದು ಭಾಳ ಹೊತ್ತು ನೋಡಿದ್ರು. ಆಮ್ಯಾಲ ನಾಲ್ಕು ಮಡಿಕಿ ಮಾಡಿ ಅಂಗಿ ಕಿಸೇದಾಗ ಇಟ್ಕೊಂಡು ಅಂದ್ರು:

"ಅಣ್ಣಾ, ನನಗ ಮೂವತ್ತೈದೇ ನೆನಪಿತ್ತು."