ಸಕ್ಕರೆಗೆ ಉಂಟು, ಕ್ಯಾನ್ಸರಿಗೆ ಯಾಕಿಲ್ಲ?

ಪ್ರವಾಸದ ಎರಡನೇ ಕಂತು ಈ ವಾರ ಹಾಕ್ತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಈಗ ತಲೆಯಲ್ಲಿ ಓಡುತ್ತಿರುವುದು ಬೇರೆ. ಗ್ಲುಕೋಮೀಟರಿನ ಥರ ಕ್ಯಾನ್ಸರಿಗೂ ಒಂದು ಮಷೀನು ಯಾಕಿಲ್ಲ? ನಾನು ಓದಿದ್ದೇ ಎಲೆಕ್ಟ್ರೋಕೆಮಿಸ್ಟ್ರಿ ಆದ್ದರಿಂದ ಮನೆಯಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ :)

ಗ್ಲುಕೋಮೀಟರಿನ ಮೂಲಪುರುಷ 1962ರದ್ದು. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್, ಚಾಂಪ್ ಲಯಾನ್ಸ್ ಜೊತೆ ಬರೆದ ಲೇಖನದಲ್ಲಿ ಎಲೆಕ್ಟ್ರೋಡಿಗೆ ಕಿಣ್ವ ಸೇರಿಸುವ ಉಪಾಯ ಹೇಳಿದ. ಇಂದಿನ ಪಟ್ಟಿಯಲ್ಲಿ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಇನ್ನೊಂದು ರಾಸಾಯನಿಕ ಅದನ್ನು ಎಲೆಕ್ಟ್ರೋಡಿಗೆ ದಾಟಿಸುತ್ತದೆ. ಹರಿದ ಕರೆಂಟೇ ಸಕ್ಕರೆಯ ಲೆಕ್ಕ.

ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಪ್ರೋಟೀನಿನ ಹತ್ತಿರ ಈ ಆಟ ನಡೆಯುವುದಿಲ್ಲ. ಸಾಮಾನ್ಯವಾಗಿ ಮಾಡುವುದು ಹೀಗೆ: ಎಲೆಕ್ಟ್ರೋಡಿನ ಮೇಲೆ ಆಂಟಿಬಾಡಿ ಅಂಟಿಸಿ ಅದನ್ನು ಹಿಡಿಯಬೇಕು, ಕಿಣ್ವ ಹೊತ್ತ ಎರಡನೇ ಆಂಟಿಬಾಡಿ ಬಂದು ಕೂರಬೇಕು, ಮಿಕ್ಕಿದ್ದನ್ನು ತೊಳೆಯಬೇಕು, ಆಮೇಲೆ ಕರೆಂಟು.

ಸರಿ, ಅಷ್ಟು ಮಾಡೋಣ... ಆದರೆ ಲೆಕ್ಕ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 1 ಮಿಲಿಗ್ರಾಂ. ಪಿಎಸ್‌ಎಗೆ ವೈದ್ಯರು ಬಹುಕಾಲ ಇಟ್ಟುಕೊಂಡ ಗೆರೆ 4 ನ್ಯಾನೋಗ್ರಾಂ, ಅಂದರೆ ಎರಡೂವರೆ ಲಕ್ಷ ಪಾಲು ಕಡಿಮೆ! ಸೀರಂನಲ್ಲಿ ಆಲ್ಬುಮಿನ್ ಮಾತ್ರ ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ, ಪಿಎಸ್‌ಎಯ ಒಂದು ಕೋಟಿ ಪಟ್ಟು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರ ಹಾಗೆ ಅದು ಮೊದಲೇ ಎಲೆಕ್ಟ್ರೋಡಿಗೆ ಅಂಟಿಕೊಂಡುಬಿಡುತ್ತದೆ. ಶುದ್ಧ ಬಫರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಸೆನ್ಸರ್ ನಿಜವಾದ ರಕ್ತ ಕಂಡ ಕೂಡಲೇ ತೊದಲುವುದು ಇದಕ್ಕೇ. ಸಂಶೋಧನಾ ಪ್ರಬಂಧಗಳಲ್ಲಿ ಫೆಮ್ಟೋಗ್ರಾಂ ಪಿಎಸ್‌ಎ ಹಿಡಿದೆವು ಎನ್ನುವ ಪೈಪೋಟಿ ಕಂಡರೆ ನನಗೆ ನಗು ಬರುತ್ತದೆ. ಗೆರೆ ಇರುವುದೇ ನ್ಯಾನೋಗ್ರಾಮಿನಲ್ಲಿ. ನೂರು ಪಟ್ಟಿಗಳೂ ಒಂದೇ ಉತ್ತರ ಹೇಳಿದರೆ ಸಾಕಪ್ಪ!

ಕಳೆದ ತಿಂಗಳು ಅಪ್ಪನ ಪಿಎಸ್‌ಎ 5.1 ಬಂತು. "ನಿಮ್ಮ ಲ್ಯಾಬಿನ ಮಷೀನು ಬೇಗ ತಾರೋ, ದಿನಾ ನೋಡ್ಕೋತೀನಿ" ಅಂದರು. ದಿನಾ ನೋಡಿ ಏನು ಮಾಡೋದು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ವಯಸ್ಸಿಗೆ ಗ್ರಂಥಿ ದಪ್ಪಗಾದರೂ ಪಿಎಸ್‌ಎ ಏರುತ್ತದೆ, ಸೋಂಕಾದರೂ ಏರುತ್ತದೆ. 4ರ ಕೆಳಗಿದ್ದೂ ಕ್ಯಾನ್ಸರ್ ಇರಬಹುದು. ಎಷ್ಟೇ ಒಳ್ಳೆಯ ಸೆನ್ಸರ್ ಇದ್ದರೂ ಅದು ಹೇಳುವುದು ಪಿಎಸ್‌ಎ ಎಷ್ಟು ಅಂತ ಮಾತ್ರ, ಯಾಕೆ ಅಂತ ಅಲ್ಲ. ಇಷ್ಟನ್ನು ವಿವರಿಸಿದೆ. "ಹಂಗಾದ್ರೆ ನೀನು ಇಷ್ಟು ವರ್ಷ ಓದಿದ್ದು?" ಅಂದರು, ನಗುತ್ತಲೇ.

ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಡಾಕ್ಟರು ಹೇಳಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಆ ತಾರೀಖಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾರೆ.