ಪೀಕ್ ಪ್ರಾಂತದ ಗುಡ್ಡದ ದಾರಿಗಳು

ಇಂಗ್ಲೆಂಡ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಹೊಳೆಯುವುದು ಲಂಡನ್ ಪಟ್ಟಣ, ಥೇಮ್ಸ್ ನದಿ, ಮಂಜು ಕವಿದ ಬೀದಿಗಳು. ಆ ದೇಶದ ಉತ್ತರಭಾಗದಲ್ಲಿ ಬೆನ್ನೆಲುಬಿನಂತೆ ಚಾಚಿಕೊಂಡಿರುವ ಪೆನೈನ್ ಎಂಬ ಗುಡ್ಡಗಳ ಸಾಲೊಂದುಂಟೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಈ ಸಾಲಿನ ದಕ್ಷಿಣದ ತುದಿಯನ್ನು ಪೀಕ್ ಪ್ರಾಂತವೆಂದು ಕರೆಯುವರು. ಇದರ ಪಶ್ಚಿಮದಲ್ಲಿ ಹತ್ತಿಯ ಬಟ್ಟೆಗೆ ಲೋಕಪ್ರಸಿದ್ಧವಾಗಿದ್ದ ಮ್ಯಾಂಚೆಸ್ಟರ್. ಪೂರ್ವದಲ್ಲಿ ಉಕ್ಕಿಗೆ ಹೆಸರಾದ ಷೆಫೀಲ್ಡ್. ಎತ್ತರವನ್ನು ಮಾತ್ರ ಎಣಿಸಿದರೆ ಇಲ್ಲಿಯ ಗುಡ್ಡಗಳು ದೊಡ್ಡವೇನೂ ಅಲ್ಲ. ಎಲ್ಲಕ್ಕೂ ಮೇಲಾದ ಕಿಂಡರ್ ಸ್ಕೌಟ್ ಸುಮಾರು ೨,೦೮೭ ಅಡಿ. ಆದರೆ ಬೆಟ್ಟವನ್ನು ಅಳೆಯುವುದಕ್ಕೆ ಅಡಿಗೋಲೊಂದೇ ಸಾಧನವಲ್ಲ. ಬೈಸಿಕಲ್ಲಿನ ಮೇಲೆ ಕುಳಿತು ಅದನ್ನು ಏರಹೊರಟವನ ತೊಡೆಗಳೂ ಒಂದು ಅಳತೆಯನ್ನು ಹೇಳುವುವು. ಆ ಅಳತೆಯಲ್ಲಿ ಪೀಕ್ ಪ್ರಾಂತ ಸಣ್ಣದಲ್ಲ.

ಈ ಗುಡ್ಡದ ದಾರಿಗಳಲ್ಲಿ ಒಂದು ವಿಶೇಷವುಂಟು. ಪ್ರವಾಸಿಗಳ ಸಂತೋಷಕ್ಕೆಂದು ಇವುಗಳಲ್ಲಿ ಒಂದನ್ನೂ ಯಾರೂ ಮಾಡಲಿಲ್ಲ. ಸುಂಕದ ಆಸೆಯಿಂದ ಕೆಲವು ಹುಟ್ಟಿದುವು, ರೈಲುಕಂಪೆನಿಯ ಲಾಭಕ್ಕಾಗಿ ಮತ್ತೆ ಕೆಲವು. ಮಾಡಿದವರ ಪ್ರಯೋಜನವು ಮುಗಿದುಹೋಯಿತು, ದಾರಿಗಳು ಉಳಿದುವು. ಹಾಗೆ ಉಳಿದುದು ಸಾಮಾನ್ಯ ಜನರ ಕೈಗೆ ಹೇಗೆ ಬಂದಿತೆಂಬುದನ್ನು, ಮೂರು ದಿನದ ಒಂದು ಸವಾರಿಯಲ್ಲಿ ಕಣ್ಣಾರೆ ಕಾಣಬಹುದು.

ಮೊದಲು ಬೈಸಿಕಲ್ಲಿನ ವಿಷಯವಾಗಿ ಎರಡು ಮಾತು. ಮುಂದೆ ದೊಡ್ಡ ಗಾಲಿ, ಹಿಂದೆ ಪುಟ್ಟ ಗಾಲಿಯಿದ್ದ ಹಳೆಯ ಬೈಸಿಕಲ್ಲು ಸಾಹಸಿಗಳ ವಾಹನವಾಗಿದ್ದಿತು. ೧೮೮೫ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ಕವೆಂಟ್ರಿ ಪಟ್ಟಣದಲ್ಲಿ ಎರಡು ಗಾಲಿಗಳೂ ಹೆಚ್ಚುಕಡಮೆ ಸಮನಾಗಿದ್ದು, ಸರಪಣಿಯಿಂದ ನಡೆಯುವ ಬೈಸಿಕಲ್ಲನ್ನು ತಯಾರಿಸಿದನು. ೧೮೮೮ರಲ್ಲಿ ಡನ್ಲಪ್ಪನು ಗಾಳಿ ತುಂಬಿದ ರಬ್ಬರಿನ ಟೈರಿಗೆ ಹಕ್ಕುಪತ್ರ ಪಡೆದನು. ಅದೇ ವರ್ಷ ಪಾರ್ಲಿಮೆಂಟಿನ ಶಾಸನವೊಂದು ಬೈಸಿಕಲ್ಲೂ ಒಂದು ಗಾಡಿಯೇ ಎಂದು ಸಾರಿತು. ಧನಿಕರ ಸಾರೋಟು ಹೋಗುವ ರಸ್ತೆಯಲ್ಲಿ ಬಡಗುಮಾಸ್ತೆಯೂ ತಲೆಯೆತ್ತಿ ಹೋಗುವುದಕ್ಕೆ ನ್ಯಾಯಸಮ್ಮತವಾದ ಹಕ್ಕು ದೊರೆಯಿತು. ೧೮೯೪ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕ್ಲಾರಿಯನ್ ಎಂಬ ಸಮತಾವಾದಿ ಪತ್ರಿಕೆಯ ಹೆಸರಿನಲ್ಲಿ ಬೈಸಿಕಲ್ ಸಂಘವೊಂದು ಹುಟ್ಟಿ, ಅಂಥ ಸಂಘಗಳು ಊರೂರಿಗೂ ಹರಡಿದುವು. ವಾರವೆಲ್ಲ ಗಿರಣಿಯ ಸದ್ದಿನಲ್ಲಿಯೂ ಹೊಗೆಯಲ್ಲಿಯೂ ಬೆಂದವರು ಭಾನುವಾರ ಗುಡ್ಡದ ಗಾಳಿಯನ್ನು ಕುಡಿಯುವುದು ಹೀಗೆ ಸಾಧ್ಯವಾಯಿತು.

ಸವಾರಿಯನ್ನು ಪಶ್ಚಿಮದ ಬುಡದಲ್ಲಿರುವ ಮ್ಯಾಕಲ್ಸ್‌ಫೀಲ್ಡಿನಿಂದ ಪ್ರಾರಂಭಿಸುವುದು ಒಳ್ಳೆಯದು. ಹಿಂದೆ ರೇಷ್ಮೆಗೆ ಪ್ರಸಿದ್ಧವಾಗಿದ್ದ ಊರಿದು; ರೈಲಿನಲ್ಲಿ ಬೈಸಿಕಲ್ಲನ್ನು ಜೊತೆಗೆ ತರಬಹುದು. ಊರು ಬಿಟ್ಟೊಡನೆ ರಸ್ತೆ ಏರತೊಡಗಿ, ಸುಮಾರು ಏಳು ಮೈಲಿಯವರೆಗೆ ಹಾವಿನಂತೆ ಹೊರಳಿ ಹೊರಳಿ ೧,೬೯೦ ಅಡಿಯ ನೆತ್ತಿಯನ್ನು ಮುಟ್ಟುವುದು. ಏರು ಕಡಿದಾದುದಲ್ಲ, ಆತುರಪಡದೆ, ಉಸಿರು ಕೆಡದಂತೆ, ಮಾತನಾಡುವಷ್ಟು ಶಕ್ತಿಯನ್ನು ಉಳಿಸಿಕೊಂಡು ತುಳಿಯುವವನಿಗೆ ಒಲಿಯುವುದು. ನೆತ್ತಿಯ ಮೇಲೆ 'ಬೆಕ್ಕು ಮತ್ತು ಪಿಟೀಲು' ಎಂಬ ಅರ್ಥದ ವಿಚಿತ್ರವಾದ ಹೆಸರುಳ್ಳ ಕ್ಯಾಟ್ ಅಂಡ್ ಫಿಡ್ಲ್ ಕಟ್ಟಡವಿದೆ. ಬಹುಕಾಲ ಇದು ದಾರಿಗರ ಪಾನಗೃಹವಾಗಿದ್ದು ಗಾಳಿಗೂ ಜಗ್ಗದೆಂಬಂತೆ ನಿಂತಿದ್ದಿತು. ವ್ಯಾಪಾರವು ಮಾತ್ರ ೨೦೧೫ರಲ್ಲಿ ನಿಂತುಹೋಗಿ, ಕಟ್ಟಡವು ಮುಂದೆ ವಿಸ್ಕಿ ತಯಾರಿಸುವವರ ಪಾಲಾಯಿತು. ನೆತ್ತಿಯಲ್ಲಿ ನಿಂತು ಹಿಂದಕ್ಕೆ ನೋಡಿದರೆ ಚೆಷೈರಿನ ಹಸಿರು ಬಯಲು ಹಾಸಿದ ಕಂಬಳಿಯಂತೆ ಕಾಣುವುದು. ಮುಂದಕ್ಕೆ ನೋಡಿದರೆ ಮರವಿಲ್ಲದ ಕಂದುಬಣ್ಣದ ಬೋರೆ, ಮೇಯುವ ಕುರಿಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಉದ್ದನೆಯ ಗೋಡೆಗಳು.

ಅಲ್ಲಿಂದ ಇಳಿದರೆ ಬಕ್ಸ್‌ಟನ್. ಸಾವಿರ ಅಡಿ ಎತ್ತರದಲ್ಲಿರುವ ಈ ಊರಿನ ಬಿಸಿನೀರಿನ ಚಿಲುಮೆಯನ್ನು ರೋಮನ್ನರೂ ಬಲ್ಲವರಾಗಿದ್ದರು. ಬೀದಿಯ ಬದಿಯ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಸದಾ ಹರಿಯುತ್ತಿರುವುದು. ಬಂದವರೆಲ್ಲರೂ ಕಾಸಿಲ್ಲದೆ ತುಂಬಿಕೊಳ್ಳಬಹುದು. ಸೀಸೆಯನ್ನು ತುಂಬಿಕೊಂಡು ಪೂರ್ವಕ್ಕೆ ಮೂರು ಮೈಲಿ ಹೋದರೆ ವೈ ನದಿಯ ಕಣಿವೆಯಲ್ಲಿ ಮಾನ್ಸಲ್ ದಾರಿ ಸಿಕ್ಕುವುದು. ಇದು ನಿಜವಾಗಿ ರೈಲುದಾರಿ. ೧೮೬೩ರಲ್ಲಿ ತೆರೆದು, ಮ್ಯಾಂಚೆಸ್ಟರ್ ಲಂಡನ್‌ಗಳ ನಡುವಣ ಬಂಡಿಗಳನ್ನು ನಡೆಯಿಸಿ, ೧೯೬೮ರಲ್ಲಿ ಮುಚ್ಚಿಹೋಯಿತು. ಕಂಬಿಗಳನ್ನು ಕಿತ್ತ ಜಾಗ ಈಗ ನಡೆಯುವವರಿಗೂ ಬೈಸಿಕಲ್ಲಿನವರಿಗೂ ಮೀಸಲು. ಸುಮಾರು ಎಂಟೂವರೆ ಮೈಲಿ ಉದ್ದ. ಬಹುಕಾಲ ಮುಚ್ಚಿದ್ದ ಸುರಂಗಗಳನ್ನು ೨೦೧೧ರಲ್ಲಿ ತೆರೆದು, ಒಳಗೆ ದೀಪಗಳನ್ನು ಹಾಕಿದ್ದಾರೆ. ಹೊರಗಣ ಬಿಸಿಲಿನಿಂದ ಸುರಂಗದೊಳಕ್ಕೆ ನುಗ್ಗಿದಾಗ ತಣ್ಣನೆಯ ಗಾಳಿ ಮುಖಕ್ಕೆ ತಾಗುವುದು. ಮಕ್ಕಳು ಕೂಗಿ ಮರುದನಿಯನ್ನು ಕೇಳಿ ನಗುವರು.

ಈ ರೈಲನ್ನು ಹಾಕಿದಾಗ, ಕಣಿವೆಯ ಚೆಲುವನ್ನೆಲ್ಲ ಹಾಳುಮಾಡಿದರೆಂದು ಜಾನ್ ರಸ್ಕಿನ್ನನು ಕಟುವಾಗಿ ಖಂಡಿಸಿದನು. ಅವನು ಖಂಡಿಸಿದ ದಾರಿಯ ಕಲ್ಲಿನ ಕಮಾನುಸೇತುವೆಯನ್ನೇ ಇಂದು ಜನರು ಚೆಲುವಿನ ವಸ್ತುವೆಂದು ಕಾಪಾಡಿಕೊಂಡು, ಅದನ್ನು ನೋಡುವುದಕ್ಕೆ ದೂರದಿಂದ ಬರುವರು. ಆದರೆ ಈ ಕಣಿವೆಯಲ್ಲಿ ಕಣ್ಣಿಗೆ ಹಿತವಲ್ಲದ ನೆನಪೂ ಉಂಟು. ನದಿಯ ದಡದ ಲಿಟನ್ ಮಿಲ್ ಎಂಬಲ್ಲಿ ೧೮ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಹತ್ತಿಯ ಗಿರಣಿಗೆ ಲಂಡನ್ನಿನ ಅನಾಥಾಲಯಗಳಿಂದಲೂ ಮಕ್ಕಳನ್ನು ತಂದು ದುಡಿಸುತ್ತಿದ್ದರು. ಅಲ್ಲಿ ಹೊಡೆತವನ್ನೂ ಹಸಿವನ್ನೂ ಉಂಡು ಬೆಳೆದ ರಾಬರ್ಟ್ ಬ್ಲಿಂಕೋ ಎಂಬಾತನ ಚರಿತ್ರೆಯು ೧೮೩೨ರಲ್ಲಿ ಪುಸ್ತಕವಾಗಿ ಹೊರಬಂದು, ಓದಿದವರ ಮನಸ್ಸನ್ನು ಕಲಕಿತು. ನೂಲಿನ ಈ ಕಥೆಯು ನಮಗೂ ಪರಕೀಯವಲ್ಲ. ೧೮೬೧ರಿಂದ ೧೮೬೫ರವರೆಗಿನ ಯುದ್ಧದಿಂದ ಅಮೆರಿಕದ ಹತ್ತಿ ಬರುವುದು ಕಡಮೆಯಾದಾಗ, ಮ್ಯಾಂಚೆಸ್ಟರಿನ ವರ್ತಕರ ದೃಷ್ಟಿಯು ಧಾರವಾಡದ ಕಪ್ಪುನೆಲದ ಕಡೆಗೆ ತಿರುಗಿತು. ಆ ಹತ್ತಿಯನ್ನು ಸಾಗಿಸುವುದಕ್ಕಾಗಿಯೇ ಕಾರವಾರದ ಬಂದರನ್ನೂ ಘಟ್ಟದ ರಸ್ತೆಗಳನ್ನೂ ಬೆಳೆಯಿಸಬೇಕೆಂದು ಅವರು ಒತ್ತಾಯಪಡಿಸಿದರು. ಅವರ ಹತ್ತಿಯ ಮೂಟೆಗಳ ಕಾಲ ಹೋಯಿತು. ಘಟ್ಟದ ದಾರಿಯಲ್ಲಿ ಈಗ ಯಾರು ಯಾರೋ ಹೋಗುತ್ತಿರುವರು.

ಕಮಾನುಸೇತುವೆಯನ್ನು ನೋಡಿ ಮಿಲ್ಲರ್ಸ್ ಡೇಲಿಗೆ ಹಿಂದಿರುಗಿ, ಟೈಡ್ಸ್‌ವೆಲ್ ಹಳ್ಳಿಯಲ್ಲಿ ತಂಗಬಹುದು. ಹಳ್ಳಿ ಚಿಕ್ಕದು, ಅದರ ೧೪ನೆಯ ಶತಮಾನದ ದೇವಾಲಯ ಮಾತ್ರ ದೊಡ್ಡ ನಗರಕ್ಕೆ ಒಪ್ಪುವಂಥದು. ಮರುದಿನ ಬ್ರ್ಯಾಡ್‌ವೆಲ್, ಹೋಪ್ ಹಳ್ಳಿಗಳ ಮಾರ್ಗವಾಗಿ ಕ್ಯಾಸಲ್‌ಟನ್ನಿಗೆ ಬಂದರೆ, ಎದುರಿಗೆ ವಿನ್ನಟ್ಸ್ ಎಂಬ ಕಮರಿ ಬಾಯ್ದೆರೆದುಕೊಂಡಿರುವುದು. ಎರಡು ಕಡೆಯೂ ಸುಣ್ಣಕಲ್ಲಿನ ಗೋಡೆ. ಸುಮಾರು ೩೪ ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚಗಿನ ಸಮುದ್ರವಿದ್ದು, ಅದರ ಜೀವಿಗಳ ಚಿಪ್ಪುಗಳೇ ಈ ಬಂಡೆಯಾದುವೆಂದು ಭೂಶಾಸ್ತ್ರಜ್ಞರು ಹೇಳುವರು. ಕಮರಿಯ ರಸ್ತೆಯು ಐದು ಅಡಿಗೆ ಒಂದು ಅಡಿಗಿಂತಲೂ ಕಡಿದಾಗಿ ಏರುವ ಜಾಗಗಳುಂಟು. ಮುಂದಣ ಗಾಲಿ ನೆಲ ಬಿಟ್ಟೇಳುವಂತೆ ತೋರುವುದು; ಹೃದಯದ ಬಡಿತ ಕಿವಿಯಲ್ಲಿ ಕೇಳುವುದು. ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಏನೂ ಅವಮಾನವಿಲ್ಲ. ಹಾಗೆ ತಳ್ಳುವವರೇ ಹೆಚ್ಚು.

ಇಷ್ಟು ಕಡಿದಾದ ದಾರಿ ಏಕೆ ಎಂದು ಕೇಳಬಹುದು. ಇದಕ್ಕೆ ಬದಲಾಗಿ ೧೯ನೆಯ ಶತಮಾನದ ಆರಂಭದಲ್ಲಿಯೇ ಸುಂಕದ ಕಂಪೆನಿಯವರು ಪಕ್ಕದ ಮ್ಯಾಮ್ ಟಾರ್ ಬೆಟ್ಟದ ಮಗ್ಗುಲಲ್ಲಿ ಸೌಮ್ಯವಾದ ಏರಿನ ರಸ್ತೆಯನ್ನು ಕಟ್ಟಿದರು. ಆದರೆ ಆ ಬೆಟ್ಟ ಮೆತ್ತನೆಯ ಜೇಡಿಕಲ್ಲೂ ಮರಳುಗಲ್ಲೂ ಪದರ ಪದರವಾಗಿ ಸೇರಿದುದು. ಮಳೆಯ ನೀರು ಇಳಿದಂತೆಲ್ಲ ಜರಿಯುವುದು. 'ನಡುಗುವ ಬೆಟ್ಟ'ವೆಂದೇ ಅದಕ್ಕೆ ಹೆಸರು. ಒಂದೂವರೆ ಶತಮಾನ ರಿಪೇರಿ ಮಾಡಿ ಮಾಡಿ ಸಾಕಾಗಿ, ೧೯೭೯ರಲ್ಲಿ ಆ ರಸ್ತೆಯನ್ನು ಬೆಟ್ಟಕ್ಕೇ ಬಿಟ್ಟುಕೊಟ್ಟರು. ಕಮರಿಯ ತುದಿಯಿಂದ ಆ ಮುರುಕು ದಾರಿಯಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ಕೆಳಕ್ಕಿಳಿದರೆ, ಆಳೆತ್ತರ ಕುಸಿದ ಡಾಂಬರಿನ ತುಂಡುಗಳನ್ನೂ, ಅವುಗಳ ಮೇಲೆ ಇನ್ನೂ ಅಳಿಸದಿರುವ ಬಿಳಿಯ ಗೆರೆಗಳನ್ನೂ ಕಾಣಬಹುದು. ನಾಜೂಕಿನ ದಾರಿ ಬಿದ್ದುಹೋಯಿತು, ಒರಟು ದಾರಿ ನಿಂತಿತು.

ಹೋಪ್ ಬ್ಯಾಂಫರ್ಡ್‌ಗಳ ಮಾರ್ಗವಾಗಿ ಉತ್ತರಕ್ಕೆ ತಿರುಗಿದರೆ ಲೇಡಿಬವರ್ ಜಲಾಶಯ. ೧೯೩೫ರಲ್ಲಿ ಮೊದಲು ಮಾಡಿ ೧೯೪೩ರಲ್ಲಿ ಅಣೆಕಟ್ಟನ್ನು ಮುಗಿಸಿದರು. ೧೯೪೫ರಲ್ಲಿ ಆರನೆಯ ಜಾರ್ಜ್ ದೊರೆಯು ಬಂದು ಪ್ರಾರಂಭೋತ್ಸವವನ್ನು ನೆರವೇರಿಸಿದನು. ಷೆಫೀಲ್ಡ್ ಮೊದಲಾದ ಪಟ್ಟಣಗಳ ಬಾಯಾರಿಕೆಗಾಗಿ ಆಷಪ್‌ಟನ್, ಡರ್ವೆಂಟ್ ಎಂಬ ಎರಡು ಹಳ್ಳಿಗಳು ಮುಳುಗಿದುವು. ಗೋರಿಗಳಲ್ಲಿದ್ದವರನ್ನು ಸಹ ಎತ್ತಿ ಬೇರೆ ಕಡೆ ಹೂಳಬೇಕಾಯಿತು. ಡರ್ವೆಂಟಿನ ದೇವಾಲಯದ ಗೋಪುರವೊಂದು ನೀರಿನ ನಡುವೆ ಕೆಲವು ಕಾಲ ನಿಂತಿದ್ದು, ೧೯೪೭ರಲ್ಲಿ ಅದನ್ನೂ ಉರುಳಿಸಿದರು. ಮಳೆ ಹೋದ ವರ್ಷಗಳಲ್ಲಿ, ೧೯೭೬ರಲ್ಲಿಯೂ ೨೦೨೨ರಲ್ಲಿಯೂ ಆದಂತೆ, ಕೆಸರಿನಿಂದ ಮನೆಗಳ ತಳಪಾಯ ಮೇಲೆದ್ದು ತೋರುವುದು. ನೀರಿನ ಅಂಚಿನ ರಸ್ತೆ ಬೈಸಿಕಲ್ಲಿಗೆ ಬಹು ಸುಖವಾದುದು. ಆ ಸುಖಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ಮಾತ್ರ ಮರೆಯಬಾರದು.

ಮೂರನೆಯ ದಿನ ಸ್ನೇಕ್ ಕಣಿವೆಯ ದಾರಿ. ಸ್ನೇಕ್ ಎಂದರೆ ಹಾವು. ಇದು ರಸ್ತೆಯ ಅಂಕುಡೊಂಕಿಗೆ ಬಂದ ಹೆಸರಲ್ಲ. ಈ ನೆಲದ ಒಡೆಯರಾಗಿದ್ದ ಡೆವನ್‌ಷೈರಿನ ಡ್ಯೂಕರ ವಂಶಲಾಂಛನವು ಹಾವು, ಅದರಿಂದ ದಾರಿಯ ಬದಿಯ ವಸತಿಗೃಹಕ್ಕೂ, ವಸತಿಗೃಹದಿಂದ ರಸ್ತೆಗೂ ಆ ಹೆಸರು ಬಂದಿತು. ತಾಮಸ್ ಟೆಲ್‌ಫರ್ಡ್ ಎಂಬ ಪ್ರಸಿದ್ಧ ಇಂಜಿನಿಯರನ ಯೋಜನೆಯಂತೆ ೧೮೨೧ರಲ್ಲಿ ಇದನ್ನು ತೆರೆದರು. ಜಲಾಶಯದಿಂದ ಸುಮಾರು ಹತ್ತು ಮೈಲಿ ಏರಿ ೧,೬೮೦ ಅಡಿಯ ನೆತ್ತಿಯನ್ನು ಸೇರಿ, ಅಲ್ಲಿಂದ ಗ್ಲಾಸಪ್ ಊರಿಗೆ ಒಂದೇ ಸಮನೆ ಇಳಿಯಬೇಕು. ಇಳಿಯುವಾಗ ಎರಡು ಬ್ರೇಕುಗಳನ್ನೂ ಹಿತಮಿತವಾಗಿ ಬಳಸುವುದು, ಮೋಟಾರುಗಳಿಗೆ ಎಡೆಗೊಟ್ಟು ಎಡಮಗ್ಗುಲಲ್ಲಿಯೇ ಇರುವುದು ಕ್ಷೇಮ.

ಗ್ಲಾಸಪ್ಪಿನಿಂದ ದಕ್ಷಿಣಕ್ಕೆ ಐದು ಮೈಲಿ, ಹೇಫೀಲ್ಡ್. ಈ ಸವಾರಿಯ ಕೊನೆಗೆ ತಕ್ಕ ಸ್ಥಳವಿದು. ಇದರ ಮೇಲೆ ಎದ್ದಿರುವ ಕಿಂಡರ್ ಸ್ಕೌಟ್ ಬೋರೆಯನ್ನು ಒಂದು ಕಾಲದಲ್ಲಿ ಧನಿಕರು ಹಕ್ಕಿಬೇಟೆಗೆಂದು ಕಾಯ್ದಿರಿಸಿಕೊಂಡಿದ್ದರು. ಕಾವಲುಗಾರರು ದೊಣ್ಣೆ ಹಿಡಿದು ಜನರನ್ನು ಅಟ್ಟುತ್ತಿದ್ದರು. ೧೯೩೨ನೆಯ ಏಪ್ರಿಲ್ ೨೪ರಂದು ಸುಮಾರು ನಾನ್ನೂರು ಮಂದಿ, ಹೆಚ್ಚಾಗಿ ಮ್ಯಾಂಚೆಸ್ಟರಿನ ದುಡಿಯುವ ತರುಣರು, ನಿಷೇಧವನ್ನು ಮೀರಿ ಬೋರೆಯನ್ನು ಏರಿದರು. ಮುಂದಾಳಾದ ಬೆನ್ನಿ ರಾಥ್‌ಮನ್ನನಿಗೆ ಆಗ ಇಪ್ಪತ್ತು ವರ್ಷ. ಪೊಲೀಸರು ಅವನನ್ನು ತಡೆಯಲು ರೈಲು ನಿಲ್ದಾಣದಲ್ಲಿ ಕಾದಿದ್ದರು. ಅವನು ಬೈಸಿಕಲ್ಲಿನಲ್ಲಿ ಹೇಫೀಲ್ಡಿಗೆ ಬಂದುಬಿಟ್ಟಿದ್ದನು! ಐದು ಮಂದಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಯಾಯಿತು. ರಾಥ್‌ಮನ್ನನಿಗೆ ನಾಲ್ಕು ತಿಂಗಳು. ಆದರೆ ಆ ಶಿಕ್ಷೆಯಿಂದಲೇ ಜನರ ಮನಸ್ಸು ತಿರುಗಿತು. ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳ ಶಾಸನವಾಯಿತು. ೧೯೫೧ರಲ್ಲಿ ಪೀಕ್ ಪ್ರಾಂತವು ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ೧೯೬೮ರ ಶಾಸನವು ಕುದುರೆದಾರಿಗಳಲ್ಲಿ ಬೈಸಿಕಲ್ಲಿಗೂ ಹಕ್ಕು ಕೊಟ್ಟಿತು. ೨೦೦೨ರಲ್ಲಿ, ಆ ಘಟನೆಯ ಎಪ್ಪತ್ತನೆಯ ವರ್ಷದ ಸಭೆಯಲ್ಲಿ ಅಂದಿನ ಡೆವನ್‌ಷೈರಿನ ಡ್ಯೂಕನು, ತನ್ನ ತಾತನು ಮಾಡಿದುದು ತಪ್ಪೆಂದು ಬಹಿರಂಗವಾಗಿ ಕ್ಷಮೆ ಬೇಡಿದನು. ಆ ಮಾತನ್ನು ಕೇಳುವುದಕ್ಕೆ ರಾಥ್‌ಮನ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅವನು ತೀರಿಕೊಂಡಿದ್ದನು.

ಇಂಥ ಸವಾರಿಗೆ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಕಾಲವು ಯೋಗ್ಯ. ಆಗಲೂ ಮಳೆ ಯಾವ ಗಳಿಗೆಯಲ್ಲಾದರೂ ಬರಬಹುದಾದುದರಿಂದ ನೀರು ಹಿಡಿಯದ ಅಂಗಿ, ದೀಪ, ಟೈರು ತೇಪೆಯ ಸಾಮಾನು ಜೊತೆಯಲ್ಲಿರಬೇಕು. ಕುರಿಗಳಿರುವ ಹೊಲದ ಬಾಗಿಲನ್ನು ತೆರೆದವರು ಮುಚ್ಚಿಯೇ ಮುಂದೆ ಹೋಗಬೇಕು. ಹೇಫೀಲ್ಡಿನ ರೈಲು ೧೯೭೦ರಲ್ಲಿ ನಿಂತಿತು. ಅದರ ಕಂಬಿಯ ಜಾಗವೂ ಈಗ ಬೈಸಿಕಲ್ಲಿನ ದಾರಿ. ಎರಡೂವರೆ ಮೈಲಿ ಅದರಲ್ಲಿ ಸಾಗಿದರೆ ನ್ಯೂ ಮಿಲ್ಸ್. ಅಲ್ಲಿ ಮ್ಯಾಂಚೆಸ್ಟರಿಗೆ ರೈಲು ಸಿಕ್ಕುವುದು.

ಗೃಹಸ್ಥರಾದ ವಾಚಕರಲ್ಲಿ ಎಲ್ಲರೂ ಆ ದೇಶಕ್ಕೆ ಹೋಗಲಾರರು. ಹೋದವರೆಲ್ಲರೂ ಬೈಸಿಕಲ್ಲನ್ನು ಏರಲಾರರು. ಏರಿದವರು ಇಷ್ಟನ್ನು ನೆನೆದರೆ ಸಾಕು: ತಾವು ಉಸಿರೆಳೆದುಕೊಂಡು ನಿಲ್ಲುವ ನೆತ್ತಿಯ ಗಾಳಿಗೆ ಇಂದು ಯಾರೂ ಸುಂಕ ಕೇಳುವುದಿಲ್ಲ, ಯಾರೂ ಅಟ್ಟುವುದಿಲ್ಲ. ಇದು ತಾನಾಗಿ ಬಂದುದಲ್ಲ. ತಮ್ಮಂತೆಯೇ ಬೆವರು ಸುರಿಸಿ ಏರಿದ, ಕೈಯಲ್ಲಿ ಕಾಸಿಲ್ಲದ ತರುಣರು ಗಳಿಸಿ ಇಟ್ಟುಹೋದ ಆಸ್ತಿ.