ಹೆಲ್ಪರ್ ಪಟ್ಟಿ

ಸೊಂಟನೋವು ಎಂದರೇನೆಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗಾಡಿಗೂ ಸೊಂಟವುಂಟೆಂದು ನನಗೆ ತಿಳಿದದ್ದು ನಮ್ಮ ಹಳೆಯ ಪಿಕಪ್ಪಿನಿಂದ. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿ, 1947ರಿಂದ ನಮ್ಮ ದೇಶದಲ್ಲಿ ಮಹೀಂದ್ರದವರು ಜೋಡಿಸತೊಡಗಿದ ಜೀಪಿನ ವಂಶದ್ದು ಅದು. ಮಾವನವರು ಕೊಂಡದ್ದು. ಅಡಿಕೆ, ಗೊಬ್ಬರ, ಮದುವೆಮನೆಯ ಪಾತ್ರೆ, ಬಾಣಂತಿ, ಮಗು ಎಲ್ಲರನ್ನೂ ಎಲ್ಲವನ್ನೂ ಹೊತ್ತು ಹೊತ್ತು ಅದರ ಹಿಂಭಾಗ ಜಗ್ಗಿಹೋಗಿತ್ತು.

"ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರಿಸಿಬಿಡೋಣಮ್ಮ. ಐದಾರು ಮೂಟೆ ಜಾಸ್ತಿ ಹೇರಬಹುದು" ಎಂದ ಮಗ.

ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ಅತ್ತೆಯವರು ತಿಂಗಳಿಗೊಮ್ಮೆ ಪೇಟೆಯ ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. ಹಾಗಾಗಿ ನಾನೂ ಗ್ಯಾರೇಜಿಗೆ ಹೊರಟೆ.

ಮೇಸ್ತ್ರಿ ಬಗ್ಗಿ ತೋರಿಸಿದ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು, ಒಂದರ ಕೆಳಗೊಂದು, ಕೆಳಕ್ಕಿಳಿದಂತೆ ಗಿಡ್ಡ. ನಡುವೆ ಎಲ್ಲವನ್ನೂ ಹಿಡಿದ ಒಂದು ಬೋಲ್ಟು. ಎರಡು ತುದಿಗಳಲ್ಲೂ ಗಾಡಿಗೆ ಕಟ್ಟುಬಿದ್ದದ್ದು ಮೇಲಿನ ಉದ್ದನೆಯ ಪಟ್ಟಿ, ಥೇಟು ಮನೆಯ ಹಿರಿಸೊಸೆ! ಭಾರ ಹೆಚ್ಚಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಬಾಗುತ್ತದೆಂದು ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟಿದ್ದಾನೆಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳುತ್ತಿರುತ್ತಾರೆ. ಒಂದೇ ಪಟ್ಟಿಯ ದಪ್ಪ ಎರಡರಷ್ಟಾದರೆ ಅದರ ಬಿಗಿ ಎಂಟರಷ್ಟಾಗುತ್ತದಂತೆ.

"ಪಟ್ಟಿ ಹೆಚ್ಚಿಸಿದರೆ ಗಾಡಿ ಹೊರುತ್ತಮ್ಮ. ಆದರೆ ಬ್ರೇಕು, ಆಕ್ಸಲ್ಲು, ಚಾಸಿ ಎಲ್ಲ ಹಳೇದೇ ಅಲ್ವಾ? ಹೊತ್ತಿದ್ದನ್ನ ನಿಲ್ಲಿಸೋರು ಯಾರು? ಖಾಲಿ ಹೋಗುವಾಗ ಪಟ್ಟಿ ಬಾಗಲ್ಲ, ಗುಂಡಿಯ ಏಟೆಲ್ಲ ಕೂತವರ ಸೊಂಟಕ್ಕೇ" ಎಂದ ಮೇಸ್ತ್ರಿ.

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಪಾಠದ ಜೊತೆಗೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಮನೆಗೆ ಬಂದರೆ ಒಲೆ, ಮದ್ದು, ನೆಂಟರು. "ಟೀಚರು ಗಟ್ಟಿ, ತಡೀತಾರೆ" ಎನ್ನುತ್ತಲೇ ಒಂದೊಂದು ಪಟ್ಟಿ ಸೇರಿಸಿದವರೆಷ್ಟು ಜನ! ಬ್ರೇಕು ಹಾಕಿಕೊಟ್ಟವರು ಯಾರಾದರೂ ಇದ್ದಾರೆಯೇ, ನೀವೇ ಹೇಳಿ.

ಕೊನೆಗೆ ಜಗ್ಗಿದ ಪಟ್ಟಿಗಳನ್ನು ತೆಗೆಸಿ, ಮೊದಲಿದ್ದಷ್ಟೇ ಹೊಸ ಪಟ್ಟಿಗಳನ್ನು ಹಾಕಿಸಿದೆವು. ಸವೆದ ಬುಷ್‌ಗಳೂ ಬದಲಾದವು. ಅಡಿಯಲ್ಲಿ ಒಂದೇ ಒಂದು ನೆಟ್ಟಗಿನ ಹೆಲ್ಪರ್ ಪಟ್ಟಿ. ಗಾಡಿ ಖಾಲಿಯಿದ್ದಾಗ ಅದರ ತುದಿ ಮೇಲಿನ ಪಟ್ಟಿಗೆ ತಾಗದು; ಹೇರು ಬಿದ್ದು ಉಳಿದವು ಬಾಗಿದಾಗ ಮಾತ್ರ ತಾನೂ ತಾಗಿ ಹೊರುತ್ತದೆ. ಹೇರು ಮಾತ್ರ ಆರ್.ಸಿ. ಪುಸ್ತಕದಲ್ಲಿ ಬರೆದಷ್ಟೇ ಎಂದು ಮಗನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಅವನೀಗ ಗೊಣಗುತ್ತಲೇ ಒಂದು ಟ್ರಿಪ್ಪು ಹೆಚ್ಚು ಹೊಡೆಯುತ್ತಾನೆ. ಅತ್ತೆಯವರು ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ನಿದ್ದೆ ಹೋಗುತ್ತಾರೆ.

ಮನೆ ತುಂಬ ನೆಂಟರು ಬಂದ ದಿನ ನಾನು ಅಡಿಗೆಮನೆಯಿಂದಲೇ ಕೂಗುತ್ತೇನೆ: "ಹೆಲ್ಪರ್ ಪಟ್ಟಿ ಎಲ್ಲಿ?" ಮಗ ಎದ್ದು ಬಂದು ಲೋಟ ತೊಳೆಯುತ್ತಾನೆ.